ಮಕ್ಕಳಿಗೆ ಹಂತಹಂತವಾಗಿ ಈಜು, ನೀರಿನ ಸುರಕ್ಷತೆ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಷ್ಟನೇ ವಯಸ್ಸಿಗೆ ಈಜು ಕ್ಲಾಸಿಗೆ ಸೇರಿಸಬಹುದು?

ಒಂದು ವರ್ಷ ತುಂಬಿದ ಮೇಲೆ ಅಪ್ಪನೋ ಅಮ್ಮನೋ ಜೊತೆಗೆ ನೀರಿಗಿಳಿಯುವ ಕ್ಲಾಸಿಗೆ ಸೇರಿಸಬಹುದು. ನಾಲ್ಕು ವರ್ಷಕ್ಕೆ ಮೊದಲು ಬೇಡ ಎನ್ನುತ್ತಿದ್ದ, ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2010ರಲ್ಲಿ ತನ್ನ ನಿಲುವನ್ನು ಸಡಿಲಿಸಿತು. 1ರಿಂದ 4 ವರ್ಷದ ಮಕ್ಕಳು ಕ್ರಮವಾಗಿ ಈಜು ಕಲಿತರೆ ಮುಳುಗುವ ಅಪಾಯ ತಗ್ಗುತ್ತದೆ ಎಂದು ಅದರ ಹಿಂದಿನ ವರ್ಷ ಪ್ರಕಟವಾದ ಅಧ್ಯಯನವೊಂದು ಸೂಚಿಸಿತ್ತು. ನಾಲ್ಕರ ಹೊತ್ತಿಗೆ ಬಹುಪಾಲು ಮಕ್ಕಳು ಹೇಳಿದ್ದು ಕೇಳಿಸಿಕೊಂಡು, ಸರದಿಗೆ ಕಾದು, ಕೈಕಾಲು ಹೊಂದಿಸಿ ಆಡಿಸುವಷ್ಟು ಬೆಳೆದಿರುತ್ತಾರೆ. ಆರು ದಾಟಿದ ಮಕ್ಕಳಿಗೆ ಈಜಿನ ಮೂಲ ಪಾಠ, ನೀರಿನ ಸುರಕ್ಷತೆ, ತಾವು ಅಪಾಯಕ್ಕೆ ಸಿಲುಕದೆ ಇನ್ನೊಬ್ಬರಿಗೆ ನೆರವಾಗುವುದು ಮೂರನ್ನೂ ಕಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಏಳಕ್ಕೋ ಎಂಟಕ್ಕೋ ಶುರು ಮಾಡಿದವರು ತಡವಾಯಿತೆಂದು ಕೊರಗಬೇಕಿಲ್ಲ. ಎರಡು ವರ್ಷದ ಮಗು ತಿಂಗಳುಗಟ್ಟಲೆ ಆಡಾಡುತ್ತಾ ಕಲಿಯುವುದನ್ನು ಏಳರ ಹುಡುಗಿ ಕೆಲವೇ ವಾರಗಳಲ್ಲಿ ಹಿಡಿದುಬಿಡುತ್ತಾಳೆ.

ಆರು ತಿಂಗಳ ಕೂಸನ್ನು ನೀರಿಗೆ ಬಿಟ್ಟರೆ ತಾನಾಗಿ ಈಜುತ್ತದಂತೆ, ನಿಜವೇ?

ಇಲ್ಲ. ಮುಖಕ್ಕೆ ನೀರು ತಾಗಿದಾಗ ಕೂಸು ಉಸಿರು ಹಿಡಿಯುವುದೂ ಕೈಕಾಲು ಬಡಿಯುವುದೂ ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಅದು ಕೆಲವು ತಿಂಗಳಲ್ಲಿ ಕುಂದುತ್ತದೆ, ಈಜಂತೂ ಅಲ್ಲವೇ ಅಲ್ಲ. ವರ್ಷದೊಳಗಿನ ಕೂಸುಗಳಿಗೆ ತರಬೇತಿ ಕೊಟ್ಟರೆ ಮುಳುಗುವ ಅಪಾಯ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಬೆಚ್ಚಗಿನ ನೀರಿನಲ್ಲಿ ಎತ್ತಿಕೊಂಡು ಆಡಿಸಿ, ಸಾಕು. ವಿಡಿಯೊಗೋಸ್ಕರ ಕೂಸನ್ನು ಮತ್ತೆ ಮತ್ತೆ ಮುಳುಗಿಸಿ ಎತ್ತುವುದು ನನಗೆ ಸುತರಾಂ ಹಿಡಿಸುವುದಿಲ್ಲ.

ಲೆವೆಲ್ 1, ಲೆವೆಲ್ 2 ಅನ್ನುತ್ತಾರಲ್ಲ, ಅವು ಎಲ್ಲ ಕಡೆಯೂ ಒಂದೇನಾ?

ಒಂದೇ ಅಲ್ಲ. ಅಮೆರಿಕನ್ ರೆಡ್ ಕ್ರಾಸ್‌ನ ಕ್ರಮದಲ್ಲಿ ಆರು ಲೆವೆಲ್‌ಗಳಿವೆ. ಇಂಗ್ಲೆಂಡಿನ ಈಜು ಸಂಸ್ಥೆ ಸ್ವಿಮ್ ಇಂಗ್ಲೆಂಡ್‌ನದರಲ್ಲಿ ಏಳು. ನೆದರ್‌ಲ್ಯಾಂಡ್ಸ್‌ನಲ್ಲಿ ಎ, ಬಿ, ಸಿ ಎಂಬ ಮೂರು ಡಿಪ್ಲೊಮಾ. ಖಾಸಗಿ ಕ್ಲಾಸುಗಳು ಮೀನು, ಆಮೆ, ಡಾಲ್ಫಿನ್ ಎಂದು ತಮಗೆ ತೋಚಿದ ಹೆಸರು ಇಟ್ಟುಕೊಳ್ಳುತ್ತವೆ. ಒಂದು ಕಡೆಯ ಮೂರನೆಯ ಲೆವೆಲ್ ಇನ್ನೊಂದು ಕಡೆ ಎರಡನೆಯದ್ದಕ್ಕೆ ಸಮವಾಗಿರಬಹುದು. ಕ್ಲಾಸು ಬದಲಿಸುವಾಗ ಲೆವೆಲ್ ಎಷ್ಟು ಎಂದು ಹೇಳಿ ಸುಮ್ಮನಾಗಬೇಡಿ. ಮಗು ಆಸರೆಯಿಲ್ಲದೆ ಏನೇನು ಮಾಡುತ್ತದೆ, ಎಷ್ಟು ಆಳದಲ್ಲಿ, ಎಷ್ಟು ಹೊತ್ತು ಎಂದು ಬಿಡಿಸಿ ಹೇಳಿ.

ಹೆಸರು ಏನೇ ಇರಲಿ, ಒಳಗಿನ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ನೀರಿಗೆ ಹೊಂದಿಕೊಳ್ಳುವುದು ಮತ್ತು ಉಸಿರು. ಆಮೇಲೆ ತೇಲುವುದು, ಮಗ್ಗುಲು ಹೊರಳುವುದು. ಅದಾದ ಮೇಲೆ ಜಾರಿ ಮುಂದೆ ಸಾಗುವುದು, ಕಾಲು ಬಡಿಯುವುದು, ಆಳದಲ್ಲಿ ನಿಂತಲ್ಲೇ ತೇಲುವುದು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್ ಎಂಬ ಈಜಿನ ಶೈಲಿಗಳನ್ನು ತಿದ್ದುವುದು, ದೂರ ಹೆಚ್ಚಿಸುವುದು ಇವೆಲ್ಲ ಆ ನಂತರದ ಮಾತು. ಜನ ನೋಡುವುದು ಕೊನೆಯದನ್ನು, ಜೀವ ಉಳಿಸುವುದು ಬಹುಮಟ್ಟಿಗೆ ಮೊದಲ ಮೂರು.

ಮೊದಲ ಹಂತದಲ್ಲಿ ಬರೀ ಗುಳ್ಳೆ ಬಿಡಿಸುತ್ತಾರೆ. ಟೈಂ ವೇಸ್ಟ್ ಅಲ್ಲವೇ?

ಆ ಗುಳ್ಳೆಯನ್ನೇ ಹತ್ತಿರದಿಂದ ನೋಡಿ. ಹೊಸ ಮಗು ಕೆನ್ನೆ ಉಬ್ಬಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಕಟ್ಟಿಕೊಂಡು ಮುಖ ಅದ್ದುತ್ತದೆ. ನೀರಿನಲ್ಲಿ ಒಂದು ಗುಳ್ಳೆಯೂ ಏಳುವುದಿಲ್ಲ. ತಲೆ ಎತ್ತಿದ ಮೇಲೆ ಮೊದಲು ಉಸಿರು ಬಿಟ್ಟು, ಆಮೇಲೆ ಎಳೆದುಕೊಳ್ಳುತ್ತದೆ. ಈಜುವಾಗ ಬಾಯಿ ನೀರಿನಿಂದ ಹೊರಗಿರುವುದು ಒಂದು ಕ್ಷಣ ಮಾತ್ರ, ಅಷ್ಟರಲ್ಲಿ ಎರಡೂ ಕೆಲಸ ಆಗುವುದಿಲ್ಲ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಏದುಸಿರು, ಗಾಬರಿ. ಅದಕ್ಕೇ ನೀರಿನೊಳಗೆ ಬಿಡುವುದು, ಹೊರಗೆ ಎಳೆದುಕೊಳ್ಳುವುದು ರೂಢಿಯಾಗುವವರೆಗೆ ಮುಂದೆ ಹೋಗಬಾರದು. ಮೂಗಿಗೆ ನೀರು ನುಗ್ಗುತ್ತದೆ ಎಂದು ಅಳುವ ಮಗುವಿಗೆ ಬಾಯಿ ಮುಚ್ಚಿ ‘ಹ್ಞೂಂ’ ಎಂದು ಗುನುಗುತ್ತಾ ಮುಖ ಅದ್ದಲು ಹೇಳಿ. ಗಾಳಿ ಮೂಗಿನಿಂದ ಹೊರಬರುತ್ತಿರುವಷ್ಟು ಹೊತ್ತು ನೀರು ಒಳಗೆ ಹೋಗದು. ಈ ಅಭ್ಯಾಸವನ್ನು ಮನೆಯ ಬೇಸಿನ್‌ನಲ್ಲೂ ಮಾಡಿಸಬಹುದು, ನೀವು ಪಕ್ಕದಲ್ಲೇ ಇದ್ದು.

ಇದೇ ಹಂತದಲ್ಲಿ ಇನ್ನೆರಡು ಪಾಠಗಳಿವೆ. ಒಂದು, ದೊಡ್ಡವರನ್ನು ಕೇಳದೆ ನೀರಿಗಿಳಿಯಬಾರದು. ಇನ್ನೊಂದು, ಬಿದ್ದರೆ ತಿರುಗಿ ಗೋಡೆ ಹಿಡಿದು, ಒಂದಾದ ಮೇಲೊಂದು ಕೈ ಸರಿಸುತ್ತಾ ಪಕ್ಕಕ್ಕೆ ಹೋಗಿ, ಮೊಣಕೈ ಊರಿ, ಹೊಟ್ಟೆ ಎಳೆದು, ಮಂಡಿ ಹಾಕಿ ಮೇಲೆ ಹತ್ತುವುದು. ಏಣಿ ಹತ್ತಿರವಿಲ್ಲದ ಕಡೆ ಬಿದ್ದ ಮಗುವಿಗೆ ಬೇಕಾಗುವುದು ಇದೇ.

ಅಂಗಾತ ತೇಲುವುದರಲ್ಲೇ ನನ್ನ ಮಗ ಸಿಕ್ಕಿಕೊಂಡಿದ್ದಾನೆ. ಅದನ್ನು ಬಿಟ್ಟು ಮುಂದಿನದು ಕಲಿಸಬಾರದೇ?

ಬಾರದು. ಸುಸ್ತಾದಾಗ, ಗಾಬರಿಯಾದಾಗ, ನೀರು ಕುಡಿದಾಗ ಹೊರಳಿ ಅಂಗಾತ ಮಲಗಿ ಉಸಿರಾಡುವುದೊಂದು ಗೊತ್ತಿದ್ದರೆ ಯಾರಾದರೂ ಬರುವವರೆಗೆ ಸಮಯ ಸಿಗುತ್ತದೆ. ಕೈಕಾಲು ಬಡಿದು ಹತ್ತು ಮೀಟರ್ ಹೋಗುವ, ಆದರೆ ತೇಲಲು ಬಾರದ ಮಗು ಹನ್ನೊಂದನೆಯ ಮೀಟರಿನಲ್ಲಿ ಮುಳುಗುತ್ತದೆ.

ಎಲ್ಲಿ ಸಿಕ್ಕಿಕೊಂಡಿದ್ದಾನೆ ನೋಡಿ. ಹೆಚ್ಚಿನ ಮಕ್ಕಳಿಗೆ ತೊಡಕಾಗುವುದು ಕಿವಿ. ಕಿವಿ ನೀರಿಗೆ ಇಳಿದ ಕೂಡಲೇ ಹೊರಗಿನ ಸದ್ದೆಲ್ಲ ಮಂಕಾಗುತ್ತದೆ, ಕೋಚ್ ಹೇಳುವುದು ಕೇಳಿಸುವುದಿಲ್ಲ. ಮಗು ಬೆಚ್ಚಿ, ತನ್ನ ಕಾಲ್ಬೆರಳು ನೋಡುವಂತೆ ತಲೆ ಎತ್ತುತ್ತದೆ. ತಲೆ ಮೇಲೆ ಬಂದರೆ ಸೊಂಟ ಕೆಳಗೆ, ಸೊಂಟ ಇಳಿದರೆ ಇಡೀ ಮೈ ಕುರ್ಚಿಯಲ್ಲಿ ಕೂತ ಹಾಗೆ ಮಡಚಿ ಮುಳುಗುತ್ತದೆ. ಮೊದಲು ನಿಮ್ಮ ಭುಜಕ್ಕೆ ಅವನ ತಲೆ ಒರಗಿಸಿಕೊಂಡು, ಕೆನ್ನೆಗೆ ಕೆನ್ನೆ ಹತ್ತಿರವಿಟ್ಟು, ಕಿವಿಯಷ್ಟೇ ಮುಳುಗುವಂತೆ ಹಿಡಿಯಿರಿ. ಅದು ಒಗ್ಗಿದ ಮೇಲೆ ಒಂದು ಅಂಗೈ ತಲೆಯ ಹಿಂದೆ, ಇನ್ನೊಂದು ಸೊಂಟದ ಕೆಳಗೆ. ಕಣ್ಣು ನೇರ ಮೇಲಕ್ಕೆ, ಎದೆ ತುಂಬ ಉಸಿರು, ಹೊಕ್ಕುಳು ಮೇಲೆ. ಸೊಂಟದ ಕೈಯನ್ನು ಮೊದಲು ತೆಗೆಯಿರಿ. ತಲೆಯ ಕೆಳಗಿನ ಕೈಯನ್ನು ಅಂಗೈಯಿಂದ ಎರಡು ಬೆರಳಿಗೆ, ಎರಡರಿಂದ ಒಂದಕ್ಕೆ ಇಳಿಸುತ್ತಾ ಬನ್ನಿ. ಬಿಡುತ್ತೇನೆ ಎಂದು ಹೇಳಿಯೇ ಬಿಡಿ. ಕದ್ದು ಕೈ ತೆಗೆದರೆ ಆ ಮಗು ಮತ್ತೆ ನಿಮ್ಮ ಕೈ ನಂಬುವುದಕ್ಕೆ ವಾರಗಳೇ ಬೇಕು.

ತೆಳ್ಳಗಿನ ಮಕ್ಕಳ ಕಾಲು ಇಳಿಬೀಳುವುದು ಸಹಜ. ಬಾಯಿ, ಮೂಗು ನೀರಿನ ಮೇಲಿದ್ದರೆ ಅದೂ ತೇಲುವುದೇ. ಇದು ಬಂದ ಮೇಲೆ ಬೋರಲಿನಿಂದ ಅಂಗಾತಕ್ಕೆ, ಅಂಗಾತದಿಂದ ಬೋರಲಿಗೆ ಹೊರಳಲು ಕಲಿಸಿ.

ನನ್ನ ಮಗಳು 25 ಮೀಟರ್ ಈಜುತ್ತಾಳೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?

25 ಮೀಟರ್ ಒಳ್ಳೆಯ ಗುರುತು, ಆದರೆ ಅಷ್ಟಕ್ಕೇ ನಿಶ್ಚಿಂತೆ ಬೇಡ. ಇಂಗ್ಲೆಂಡಿನ ಶಾಲಾ ಪಠ್ಯಕ್ರಮ ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ 25 ಮೀಟರ್ ಕೇಳುತ್ತದೆ, ಅದರ ಜೊತೆಗೆ ನೀರಿನಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳುವುದನ್ನೂ ಕೇಳುತ್ತದೆ. ಜರ್ಮನಿಯಲ್ಲಿ ಪುಟ್ಟ ಮಕ್ಕಳು 25 ಮೀಟರ್ ಈಜಿ, ಭುಜದಾಳದ ನೀರಿನ ತಳದಿಂದ ಒಂದು ವಸ್ತು ಎತ್ತಿ ತಂದರೆ ಕಡಲಕುದುರೆಯ ಬ್ಯಾಡ್ಜ್ ಕೊಡುತ್ತಾರೆ. ಆದರೆ ಆ ಬ್ಯಾಡ್ಜ್ ಪಡೆದವರನ್ನು ಅಲ್ಲಿನವರು ಸುರಕ್ಷಿತ ಈಜುಗಾರ ಎನ್ನುವುದಿಲ್ಲ. ಮುಂದಿನ ಕಂಚಿನ ಬ್ಯಾಡ್ಜಿಗೆ 15 ನಿಮಿಷ ಬಿಡದೆ ಈಜಿ ಕನಿಷ್ಠ 200 ಮೀಟರ್ ಮುಟ್ಟಬೇಕು. ಆಮೇಲಷ್ಟೇ ಆ ಮಾತು. ಸ್ವೀಡನ್ನಿನ ಶಾಲೆಗಳ ಅಳತೆಯೂ 200 ಮೀಟರ್, ಅದರಲ್ಲಿ 50 ಮೀಟರ್ ಅಂಗಾತ.

ದೂರಕ್ಕಿಂತ ನನಗೆ ರೆಡ್ ಕ್ರಾಸ್‌ನ ಐದು ಕೆಲಸಗಳ ಸರಣಿ ಹೆಚ್ಚು ಹಿಡಿಸುತ್ತದೆ. ತಲೆ ಮುಳುಗುವಷ್ಟು ಆಳಕ್ಕೆ ಹಾರು. ಮೇಲೆ ಬಂದು ಒಂದು ನಿಮಿಷ ತೇಲು, ಅಥವಾ ನಿಂತಲ್ಲೇ ಕೈಕಾಲು ಆಡಿಸುತ್ತಾ ಇರು. ಸುತ್ತ ಒಂದು ಪೂರ್ಣ ಸುತ್ತು ತಿರುಗಿ ಹೊರಹೋಗುವ ದಾರಿ ಹುಡುಕು. ಅಲ್ಲಿಯವರೆಗೆ 25 ಗಜ ಈಜು. ಏಣಿಯಿಲ್ಲದೆ ಮೇಲೆ ಹತ್ತು. ಐದನ್ನೂ ನಡುವೆ ನಿಲ್ಲಿಸದೆ ಮಾಡಬೇಕು. ಗೋಡೆ ಒದ್ದು ಹೊರಟು ಸೊಗಸಾಗಿ ಫ್ರೀಸ್ಟೈಲ್ ಮಾಡುವ ಎಷ್ಟೋ ಮಕ್ಕಳು ಮೂರನೆಯದರಲ್ಲೇ ತಬ್ಬಿಬ್ಬಾಗುತ್ತಾರೆ, ಯಾಕೆಂದರೆ ಅವರನ್ನು ಯಾರೂ ನಡುನೀರಿನಲ್ಲಿ ನಿಲ್ಲಿಸಿ ‘ಈಗ ಯಾವ ಕಡೆ?’ ಎಂದು ಕೇಳಿರುವುದಿಲ್ಲ. ಮಗಳಿಗೆ ಈ ಐದನ್ನು ಗಾಗಲ್ಸ್ ಇಲ್ಲದೆ ಮಾಡಿಸಿ ನೋಡಿ, ಕೋಚ್ ಪಕ್ಕದಲ್ಲಿದ್ದಾಗ. ಅವಳು ನಿಜವಾಗಿ ಯಾವ ಹಂತದಲ್ಲಿದ್ದಾಳೆ ಎಂದು ಅಲ್ಲೇ ಗೊತ್ತಾಗುತ್ತದೆ.

ಬಟ್ಟೆ ಹಾಕಿಕೊಂಡೇ ನೀರಿಗೆ ಇಳಿಸುತ್ತಾರಂತೆ, ಯಾಕೆ?

ಆಕಸ್ಮಿಕವಾಗಿ ಬೀಳುವವರು ಈಜುಡುಗೆ ತೊಟ್ಟಿರುವುದಿಲ್ಲವಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಂತೂ ಎ ಡಿಪ್ಲೊಮಾಕ್ಕೇ ಬಟ್ಟೆ ತೊಟ್ಟು ಈಜಬೇಕು. ಒದ್ದೆ ಪ್ಯಾಂಟು ಕಾಲಿಗೆ ಸುತ್ತಿಕೊಳ್ಳುತ್ತದೆ, ತೋಳು ಎತ್ತಿದರೆ ಅಂಗಿ ಜಗ್ಗುತ್ತದೆ. ಗೊತ್ತಿಲ್ಲದವರಿಗೆ ಯಾರೋ ಕೆಳಗೆಳೆದಂತೆ ಅನಿಸುತ್ತದೆ. ಒಮ್ಮೆ ಅನುಭವಿಸಿದ ಮಗು ಕೈಯನ್ನು ನೀರಿನೊಳಗೇ ಆಡಿಸಿ ಸಾಗುವುದನ್ನು ಕಲಿತಿರುತ್ತದೆ. ತೇಲುವುದು, ಹೊರಳುವುದು ಗಟ್ಟಿಯಾದ ಮೇಲೆ ಮಾತ್ರ ಇದನ್ನು ಮಾಡಿಸಬೇಕು.

ನೀರೆಂದರೆ ಹೆದರುತ್ತಾಳೆ. ಒಮ್ಮೆ ಎತ್ತಿ ಹಾಕಿದರೆ ಭಯ ಹೋಗುತ್ತದೆ ಅನ್ನುತ್ತಾರೆ.

ಭಯ ಹೋಗುವುದಿಲ್ಲ, ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಹಾಗೆ ಎಸೆದು ಕಲಿತೆವು ಎನ್ನುವವರು ಸಿಗುತ್ತಾರೆ. ಅದೇ ಕಾರಣಕ್ಕೆ ಜೀವಮಾನವಿಡೀ ನೀರಿನ ಹತ್ತಿರ ಸುಳಿಯದವರು ಈ ಮಾತಿಗೆ ಬರುವುದೇ ಇಲ್ಲ. ಮೆಟ್ಟಿಲ ಮೇಲೆ ಕೂರಿಸಿ, ಮಗ್ಗಿನಿಂದ ಅವಳೇ ಭುಜಕ್ಕೆ ನೀರು ಹೊಯ್ದುಕೊಳ್ಳಲಿ, ಆಮೇಲೆ ತಲೆಗೆ. ಹೆಜ್ಜೆ ಅವಳದೇ ಇರಲಿ, ಆದರೆ ಪ್ರತಿ ಕ್ಲಾಸಿನಲ್ಲೂ ಒಂದು ಹೆಜ್ಜೆ ಇಡಿಸಿ. ಅಳು ಕಂಡು ಕ್ಲಾಸು ಬಿಡಿಸಿಬಿಟ್ಟರೆ ಭಯ ಅಲ್ಲೇ ಗಟ್ಟಿಯಾಗಿ ಕೂರುತ್ತದೆ.

ತೋಳಿಗೆ ಕಟ್ಟುವ ಗಾಳಿಚೀಲ, ಟ್ಯೂಬು ಹಾಕಿದರೆ ಸಾಕಲ್ಲ?

ಅವು ಆಟಿಕೆ. ಗಾಳಿ ಹೋಗಬಹುದು, ಜಾರಬಹುದು, ಟ್ಯೂಬಿನಲ್ಲಿ ಮಗು ತಲೆಕೆಳಗಾಗಿ ಮಗುಚಬಹುದು. ಇನ್ನೊಂದು ತೊಂದರೆ ಸುಲಭಕ್ಕೆ ಕಾಣುವುದಿಲ್ಲ. ತೋಳಿನ ಗಾಳಿಚೀಲ ಮೈಯನ್ನು ನೆಟ್ಟಗೆ ನಿಲ್ಲಿಸುತ್ತದೆ, ಈಜಿಗೆ ಬೇಕಾದದ್ದು ಅಡ್ಡ ಮಲಗಿದ ಮೈ. ಅದನ್ನು ಕಟ್ಟಿಕೊಂಡೇ ಬೆಳೆದ ಮಗು, ಕಟ್ಟದ ದಿನವೂ ತನ್ನನ್ನು ನೀರು ಎತ್ತಿ ಹಿಡಿಯುತ್ತದೆ ಎಂದುಕೊಂಡು ಹಾರಿಬಿಡುತ್ತದೆ. ದೋಣಿ, ಕೆರೆ, ಹೊಳೆ ಎಂದರೆ ಮಗುವಿನ ತೂಕಕ್ಕೆ ಹೊಂದುವ, ಪ್ರಮಾಣೀಕೃತ ಲೈಫ್ ಜಾಕೆಟ್ಟೇ ಬೇಕು. ತೊಡಿಸಿ, ಭುಜದ ಬಳಿ ಹಿಡಿದು ಎತ್ತಿ ನೋಡಿ. ಜಾಕೆಟ್ಟು ಗಲ್ಲ, ಕಿವಿ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತು.

ಲೈಫ್‌ಗಾರ್ಡ್ ಇದ್ದಾರೆ, ಕೋಚ್ ಇದ್ದಾರೆ. ನಾವೂ ನೋಡುತ್ತಾ ಇರಬೇಕೇ?

ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅದರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎನ್ನುವುದು ಸಿನಿಮಾದಿಂದ ಬಂದ ನಂಬಿಕೆ. ಉಸಿರಿಗೇ ಪರದಾಡುವ ಮಗುವಿಗೆ ಕೂಗಲು ಉಸಿರೆಲ್ಲಿ? ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಕೆಲಸ ಮಾಡುತ್ತಿರುವುದಿಲ್ಲ. ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತದೆ. ಕೈಗಳು ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡಿದರೆ ಆಡುತ್ತಿದೆ ಅನಿಸುತ್ತದೆ. ಇದೆಲ್ಲ ಒಂದು ನಿಮಿಷದೊಳಗೆ ಮುಗಿದುಹೋಗಬಹುದು, ಅಂದರೆ ಒಂದು ಮೆಸೇಜಿಗೆ ಉತ್ತರ ಬರೆಯುವಷ್ಟರಲ್ಲಿ. ಗದ್ದಲ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಕೂಡಲೇ ಹೋಗಿ ನೋಡಿ.

ಐದರೊಳಗಿನವರು, ಈಜು ಬಾರದವರು ನಿಮ್ಮ ಕೈಗೆಟುಕುವಷ್ಟು ಹತ್ತಿರ ಇರಬೇಕು, ನೀವೂ ನೀರಿನಲ್ಲಿರಬೇಕು. ಹತ್ತು ಜನ ದೊಡ್ಡವರು ಸೇರಿದ ಕಡೆ ಅಪಾಯ ಹೆಚ್ಚು, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. 15 ನಿಮಿಷಕ್ಕೊಬ್ಬರಂತೆ ಹೆಸರಿಟ್ಟು ಸರದಿ ಹಚ್ಚಿ. ನೋಡುವವರ ಕೈಯಲ್ಲಿ ಫೋನ್ ಬೇಡ.

ಪುಟ್ಟ ಮಕ್ಕಳ ವಿಷಯದಲ್ಲಿ ಈಜುವ ಹೊತ್ತಿಗಿಂತ ಈಜದ ಹೊತ್ತಿನ ಭಯವೇ ದೊಡ್ಡದು. ಬಕೆಟ್ಟು, ಟಬ್ಬು, ಮುಚ್ಚಳವಿಲ್ಲದ ತೊಟ್ಟಿ ಯಾವುದೂ ಸಾಕು, ಕೆಲವೇ ಸೆಂಟಿಮೀಟರ್ ನೀರಿದ್ದರೂ. ಮನೆಯಲ್ಲೇ ಕೊಳವಿದ್ದರೆ ನಾಲ್ಕೂ ಕಡೆ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನೇ ಮುಚ್ಚಿಕೊಂಡು ಚಿಲಕ ಬೀಳುವ ಗೇಟು ಇರಲಿ. ಮಗು ಕಾಣದಿದ್ದರೆ ಕೋಣೆ ಕೋಣೆ ಹುಡುಕುವ ಮೊದಲು ನೀರನ್ನು ನೋಡಿ.

ಈಜುಡುಗೆಯ ಬಣ್ಣಕ್ಕೂ ಸುರಕ್ಷತೆಗೂ ಸಂಬಂಧ ಇದೆಯೇ?

ಇದೆ. ತಿಳಿನೀಲಿ, ಬಿಳಿ ಬಟ್ಟೆ ಕೊಳದ ನೀರಿನಲ್ಲಿ ಕಾಣದಾಗುತ್ತದೆ. ಕಣ್ಣು ಕುಕ್ಕುವ ಕಿತ್ತಳೆ, ಗುಲಾಬಿ ಕೊಳ್ಳಿ.

ಒಳ್ಳೆಯ ಕ್ಲಾಸು ಎಂದು ಗುರುತಿಸುವುದು ಹೇಗೆ?

ಸೇರಿಸುವ ಮೊದಲು ಒಂದು ಇಡೀ ಕ್ಲಾಸು ಕೂತು ನೋಡಿ. ಹೊಸಬರ ಜೊತೆ ಕೋಚ್ ನೀರಿನಲ್ಲಿ ಇದ್ದಾರೋ, ದಡದಲ್ಲಿ ನಿಂತು ಸೀಟಿ ಊದುತ್ತಿದ್ದಾರೋ? ಪಾಠ ಮಾಡುವವರನ್ನು ಬಿಟ್ಟು ಬೇರೆ ಲೈಫ್‌ಗಾರ್ಡ್ ಇದ್ದಾರೆಯೇ? ಕೋಚ್ ಒಂದು ಮಗುವನ್ನು ಹಿಡಿದಿರುವಾಗ ಉಳಿದವರು ಅವರ ಕಣ್ಣಳತೆಯಲ್ಲಿ ಇದ್ದಾರೋ, ಬೆನ್ನ ಹಿಂದೆಯೋ? ಈಜು ಬಾರದ ಪುಟ್ಟ ಮಕ್ಕಳು ಒಬ್ಬರಿಗೆ ಆರಕ್ಕಿಂತ ಹೆಚ್ಚಿದ್ದರೆ ನಾನಾದರೆ ಸೇರಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಒಂದೊಂದು ಮಗು ನಿಜವಾಗಿ ಎಷ್ಟು ಹೊತ್ತು ಅಭ್ಯಾಸ ಮಾಡಿತು, ಎಷ್ಟು ಹೊತ್ತು ಅಂಚಿನಲ್ಲಿ ನಡುಗುತ್ತಾ ಕೂತಿತ್ತು ಎನ್ನುವುದನ್ನೂ ಗಮನಿಸಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ, ಮಕ್ಕಳು ಬೇಗ ತಣ್ಣಗಾಗುತ್ತಾರೆ. ತುಟಿ ನೀಲಿಯಾದ ಮಗುವಿಗೆ ಪಾಠ ಹತ್ತದು, ಹೊರಗೆ ಕರೆದುಬಿಡಿ.

‘ಹತ್ತೇ ದಿನದಲ್ಲಿ ಈಜು ಗ್ಯಾರಂಟಿ’ ಎನ್ನುವ ಬೋರ್ಡು ಕಂಡರೆ ಮುಂದೆ ನಡೆಯಿರಿ.

ಉಸಿರು ಹಿಡಿದು ನೀರಿನಡಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ಸ್ಪರ್ಧೆ ಮಾಡುತ್ತಾರೆ. ತಡೆಯಬೇಕೇ?

ಖಂಡಿತ ತಡೆಯಿರಿ, ಚೆನ್ನಾಗಿ ಈಜುವ ದೊಡ್ಡ ಹುಡುಗರನ್ನಂತೂ ಮೊದಲು ತಡೆಯಿರಿ. ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕು ಎಂದು ಮೈ ಒತ್ತಾಯಿಸುವುದು ಅದು ಏರಿದಾಗ. ಆ ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ತೀರಿ, ಒದ್ದಾಟವೂ ಇಲ್ಲದೆ ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತದೆ.

ಕೊಳದಲ್ಲಿ ಕಲಿತವರು ಹೊಳೆ, ಸಮುದ್ರದಲ್ಲಿ ಈಜಬಹುದೇ?

ಅಲ್ಲಿ ಒಂದೆರಡು ಲೆವೆಲ್ ಕೆಳಗೆ ಎಂದೇ ಲೆಕ್ಕ ಹಾಕಿ. ತಳ ಕಾಣುವುದಿಲ್ಲ, ಹಿಡಿಯಲು ಗೋಡೆಯಿಲ್ಲ, ನೀರೂ ನಿಂತಲ್ಲಿ ನಿಲ್ಲುವುದಿಲ್ಲ. ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಅಂಕೆ ತಪ್ಪುತ್ತದೆ, ಆ ಹೊತ್ತಿನಲ್ಲಿ ಈಜಲು ಹೋಗದೆ ಮೊದಲು ಅಂಗಾತ ತೇಲಿ ಉಸಿರು ಹತೋಟಿಗೆ ತಂದುಕೊಳ್ಳಬೇಕು. ಸಮುದ್ರದಲ್ಲಿ ಸೆಳೆತ ಒಳಕ್ಕೆ ಎಳೆದರೆ ಅದಕ್ಕೆ ಎದುರಾಗಿ ದಡದತ್ತ ಈಜಬಾರದು. ತೇಲುತ್ತಾ ಸಹಾಯಕ್ಕೆ ಕೈ ಎತ್ತಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಬರಬೇಕು. ಎಲ್ಲೇ ಆಗಲಿ, ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಹಾರಕೂಡದು. ಡೈವಿಂಗ್ ಕಲಿಸಲು ಕನಿಷ್ಠ 9 ಅಡಿ ಆಳ ಬೇಕೆನ್ನುತ್ತದೆ ರೆಡ್ ಕ್ರಾಸ್.

ಗೆಳೆಯ ಮುಳುಗುತ್ತಿದ್ದರೆ ಮಗು ಏನು ಮಾಡಬೇಕು ಎಂದು ಹೇಳಿಕೊಡಲಿ?

ನೀರಿಗೆ ಇಳಿಯಬಾರದು ಎಂದು ಮೊದಲು ಹೇಳಿ. ಮುಳುಗುತ್ತಿರುವವರು ಹತ್ತಿರ ಬಂದವರ ಮೇಲೇ ಹತ್ತಿಬಿಡುತ್ತಾರೆ, ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಕೂಗಿ ದೊಡ್ಡವರನ್ನು ಕರೆಯಬೇಕು. ದಡದಲ್ಲಿ ಬೋರಲು ಮಲಗಿ ಕೋಲು, ಟವಲು ಚಾಚಬೇಕು. ಎಟುಕದಿದ್ದರೆ ಹಗ್ಗವನ್ನೋ ಖಾಲಿ ಕ್ಯಾನನ್ನೋ ಚೆಂಡನ್ನೋ ಎಸೆಯಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ ಆಟದಂತೆ ಮಾಡಿಸಿ. ನಿಂತುಕೊಂಡು ಟವಲು ಚಾಚಿದವರು ಹೇಗೆ ನೀರಿಗೆ ಎಳೆಸಿಕೊಳ್ಳುತ್ತಾರೆ ಎಂದು ಒಮ್ಮೆ ಕಂಡರೆ ಮಲಗುವುದು ಯಾಕೆಂದು ತಾನಾಗಿ ತಿಳಿಯುತ್ತದೆ.

ನೀರಿನಿಂದ ಎತ್ತಿದ ಮಗು ಉಸಿರಾಡದಿದ್ದರೆ?

ಹೊಟ್ಟೆ ಒತ್ತಿ, ತಲೆಕೆಳಗೆ ಹಿಡಿದು ನೀರು ತೆಗೆಯಲು ಹೋಗಬೇಡಿ, ಅದರಲ್ಲಿ ಹೊತ್ತು ಹೋಗುತ್ತದೆ. ಒಬ್ಬರು ತುರ್ತು ಸಹಾಯಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಕೂಡಲೇ ಕೃತಕ ಉಸಿರು ಕೊಡಲಿ. ಮುಳುಗಿದವರಿಗೆ ಬರೀ ಎದೆ ಒತ್ತಿದರೆ ಸಾಲದು, ಕೊರತೆಯಾಗಿರುವುದೇ ಆಮ್ಲಜನಕ. ಯುರೋಪಿನ ಮಾರ್ಗಸೂಚಿಯಲ್ಲಿ ಮೊದಲು ಐದು ಉಸಿರು, ಅಮೆರಿಕದ್ದರಲ್ಲಿ ಎರಡು. ಆಮೇಲೆ 30 ಸಲ ಎದೆ ಒತ್ತಿ 2 ಉಸಿರು, ನೆರವು ಬರುವವರೆಗೆ ಹೀಗೇ. ಕೆಲವೇ ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಎದೆ ಒತ್ತಿ ಉಸಿರು ಕೊಡುವ ಈ ಕ್ರಮವನ್ನು, ಅಂದರೆ ಸಿಪಿಆರ್ ಅನ್ನು, ಪೋಷಕರು ಓದಿ ಕಲಿಯದೆ, ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು.

ನೀರು ಕುಡಿದು ಕೆಮ್ಮಿ, ಒಂದೆರಡು ನಿಮಿಷದಲ್ಲಿ ಮೊದಲಿನಂತಾದ ಮಗುವಿನ ಬಗ್ಗೆ ಗಾಬರಿ ಬೇಡ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಷ್ಟವಾದರೆ, ವಾಂತಿಯಾದರೆ, ಮಂಕಾಗಿ ತೂಕಡಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೀರಿನಿಂದ ಹೊರಬಂದ ಎಷ್ಟೋ ಹೊತ್ತಿನ ಮೇಲೆ ಮುಳುಗಿದಂತೆ ಸಾಯುತ್ತಾರೆ ಎಂದು ಹೆದರಿಸುತ್ತಾ ವಾಟ್ಸಾಪಿನಲ್ಲಿ ಓಡಾಡುವ ‘ಡ್ರೈ ಡ್ರೌನಿಂಗ್’ ಎಂಬ ಪದವನ್ನು ವೈದ್ಯಕೀಯ ತಜ್ಞರು ಎಂದೋ ಕೈಬಿಟ್ಟಿದ್ದಾರೆ. ವಾರದ ಹಿಂದೆ ಈಜಿ ಆಡಿಕೊಂಡಿದ್ದ ಮಗು ಅದರಿಂದ ಇದ್ದಕ್ಕಿದ್ದಂತೆ ಸಾಯುವುದಿಲ್ಲ.

ಮೂರ್ಛೆರೋಗ, ಆಸ್ತಮಾ, ಆಟಿಸಂ ಇರುವ ಮಕ್ಕಳಿಗೆ ಈಜು ಬೇಡವೇ?

ಬೇಕು, ಆಟಿಸಂ ಇರುವವರಿಗಂತೂ ಇನ್ನೂ ಬೇಕು. ಅವರಲ್ಲಿ ಹಲವರು ನೀರಿನತ್ತ ತಾವಾಗಿ ಹೊರಟುಹೋಗುವುದುಂಟು, ಮುಳುಗುವ ಅಪಾಯವೂ ಹೆಚ್ಚು. ಒಂದು ಮಗುವಿಗೆ ಒಬ್ಬ ಕೋಚ್ ಇದ್ದು ಪಾಠ ಹೇಳುವ ವ್ಯವಸ್ಥೆ ಹುಡುಕಿ. ಮೂರ್ಛೆರೋಗ ಇರುವ ಮಗುವಿಗೆ ವೈದ್ಯರ ಒಪ್ಪಿಗೆ ಬೇಕು. ಈಜುವಾಗ ಒಬ್ಬ ದೊಡ್ಡವರು ಅದೊಂದೇ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಆಸ್ತಮಾ ಇದ್ದರೆ ಇನ್‌ಹೇಲರ್ ದಡದಲ್ಲೇ ಇರಲಿ.

ಭೇದಿ ನಿಂತಿದೆ, ಇವತ್ತು ಕ್ಲಾಸಿಗೆ ಕಳಿಸಬಹುದೇ?

ಇನ್ನೂ ಕೆಲವು ದಿನ ಕಾಯಿರಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್ ಸರಿಯಾಗಿ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕುತ್ತದೆ. ಭೇದಿ ಅದರಿಂದಲೇ ಆದದ್ದು ಎಂದು ಗೊತ್ತಾದರೆ ನಿಂತ ಮೇಲೂ ಎರಡು ವಾರ ನೀರಿಗಿಳಿಸಬಾರದು. ಅಂದಹಾಗೆ, ಕಣ್ಣು ಕೆಂಪಾಗಿಸುವ ಆ ಘಾಟು ಬರೀ ಕ್ಲೋರಿನ್ನಿನದಲ್ಲ, ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಆದದ್ದು. ನೀರಿಗಿಳಿಯುವ ಮೊದಲು ಶೌಚಾಲಯಕ್ಕೆ ಕಳಿಸಿ, ಸ್ನಾನ ಮಾಡಿಸಿ.

ಕೆಲವು ತಿಂಗಳು ಕ್ಲಾಸು ತಪ್ಪಿದೆ. ಮತ್ತೆ ಎಲ್ಲಿಂದ ಶುರು ಮಾಡುವುದು?

ಈಜು ಪೂರ್ತಿ ಮರೆತುಹೋಗುವುದಿಲ್ಲ, ಆದರೆ ಪುಟ್ಟವರಿಗೆ ಉಸಿರಿನ ಲಯವೂ ಧೈರ್ಯವೂ ತಪ್ಪಿರುತ್ತದೆ. ಈ ನಡುವೆ ಅವರ ಎತ್ತರ, ತೂಕ ಬದಲಾಗಿರುತ್ತದೆ, ಹಳೆಯ ಮೈಗೆ ಕಲಿತ ತೇಲಾಟ ಹೊಸ ಮೈಗೆ ಹೊಂದದಿರಬಹುದು. ಬಿಟ್ಟಿದ್ದಕ್ಕಿಂತ ಒಂದು ಹಂತ ಕೆಳಗಿನಿಂದ ಶುರು ಮಾಡಿಸಿ. ಮೊದಲ ದಿನ ಎದೆಯಾಳದ ನೀರಿನಲ್ಲೇ ಇರಲಿ. ಗುಳ್ಳೆ, ಅಂಗಾತ ತೇಲುವುದು, ಹೊರಳುವುದು, ಗೋಡೆ ಹತ್ತುವುದು ಇಷ್ಟನ್ನು ನೋಡಿ, ಎಲ್ಲವೂ ಸಲೀಸಾಗಿ ಬಂದರೆ ಎರಡನೆಯ ಕ್ಲಾಸಿಗೇ ಹಳೆಯ ಲೆವೆಲ್ಲಿಗೆ ಹಾಕಲು ಕೋಚ್‌ಗೆ ಹೇಳಿ.